ನಲವತ್ತೊಂದನೆಯ ಮೂಗು

ಲಿಫ್ಟಿನ ಕೆಂಪು ಅಂಕಿ ಮೂರರಲ್ಲೇ ನಿಂತುಬಿಟ್ಟಿದೆ, ಮೇಲೆ ಯಾರೋ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ಹರಟುತ್ತಿದ್ದಾರೆ, ಈ ಕಟ್ಟಡದಲ್ಲಿ ಬಿಳಿ ಕೋಟು ತೊಟ್ಟವರಿಗೆಲ್ಲ ಲಿಫ್ಟು ಅಂದರೆ ಅಪ್ಪ ಕಟ್ಟಿಸಿಕೊಟ್ಟ ಜಗಲಿ — ನಿಲ್ಲಲಿ, ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ, ಅದು ಇಳಿಯದಿದ್ದರೆ ನಾನು ಹತ್ತಬೇಕಾಗಿಲ್ಲ, ನಾನು ಹತ್ತದಿದ್ದರೆ ಈ ಟ್ರಾಲಿ ನಾಲ್ಕನೆಯ ಮಹಡಿ ಮುಟ್ಟುವುದಿಲ್ಲ, ಟ್ರಾಲಿಯ ಮೇಲಿರುವ ಇಪ್ಪತ್ತು ಪುಟ್ಟ ಬಾಟಲಿಗಳು ಇಪ್ಪತ್ತು ಎಳೆಯರ ಮೂಗಿಗೆ ಇಳಿಯುವುದಿಲ್ಲ. ಆಹಾ, ಎಂಥ ಧೈರ್ಯ ನಿನ್ನದು, ಬಾಯಿ ಬಿಟ್ಟು ಒಂದು ಮಾತು ಹೇಳಲಾರದೆ ಲಿಫ್ಟು ಕೆಟ್ಟುಹೋಗಲಿ ಎಂದು ಬೇಡಿಕೊಳ್ಳುವ ಧೈರ್ಯ. ಬಾಟಲಿಯಲ್ಲಿರುವುದು ತೆಳು ಗುಲಾಬಿ ಬಣ್ಣದ ನೀರು, ನೀರಿನಲ್ಲಿ ಕೋಟ್ಯಂತರ ಜೀವಂತ ಬ್ಯಾಕ್ಟೀರಿಯಾ, ಬಾಟಲಿಯ ಮೇಲೆ ಚೀಟಿ, ಚೀಟಿಯ ಮೇಲೆ ಕಾವಲುಗಾರ ಎಂಬ ಹೆಸರು. ಹೆಸರಿಟ್ಟವರು ನಮ್ಮ ದೊಡ್ಡವರು, ಈ ಸಂಶೋಧನಾಲಯದ ಮುಖ್ಯಸ್ಥರು, ಒಂದು ವರ್ಷದಿಂದ ಹೋದಲ್ಲಿ ಬಂದಲ್ಲಿ ಒಂದೇ ಮಾತು, ನೋಡ್ರಿ, ಮೂಗು ಅಂದ್ರೆ ಹೆಬ್ಬಾಗಿಲು, ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ಇದಾನೆ, ಅವನು ಎಚ್ಚರವಾಗಿದ್ರೆ ನೆಗಡಿ ಜ್ವರದ ವೈರಸ್ಸು ಒಳಗೆ ಕಾಲಿಡೋ ಹಾಗೇ ಇಲ್ಲ, ಅವನನ್ನ ನಾವು ಹಿಡಿದಿದೀವಿ — ಹಿಡಿದಿದ್ದೀರಿ, ಹಿಡಿದಿದ್ದೀರಿ, ಯಾರನ್ನು ಹಿಡಿದಿದ್ದೀರಿ ಎಂದು ನನಗೆ ಗೊತ್ತು, ಕಳೆದ ಗುರುವಾರದಿಂದ ಗೊತ್ತು, ಇವತ್ತು ಮಂಗಳವಾರ, ಐದು ದಿನದಿಂದ ಬಾಯಲ್ಲಿ ಅವಲಕ್ಕಿ ತುಂಬಿಕೊಂಡವಳ ಹಾಗೆ ಓಡಾಡುತ್ತಿದ್ದೇನೆ. ಹತ್ತೂವರೆಗೆ ಮೊದಲ ಸ್ಪ್ರೇ. ಸಾಲಿನ ಮೊದಲ ಕುರ್ಚಿಯಲ್ಲಿ ಕೂತಿರುವವಳು ನನ್ನ ಅಕ್ಕನ ಮಗಳು.

ಎರಡು ವರ್ಷದ ಹಿಂದೆ ಇದು ಶುರುವಾದಾಗ ನನಗೆ ಹೆಮ್ಮೆಯಾಗಿತ್ತು, ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಹದಿನೇಳರಿಂದ ಇಪ್ಪತ್ತೆರಡರ ಒಳಗಿನ ಇನ್ನೂರು ಮಂದಿ, ಎಲ್ಲ ಹಾಸ್ಟೆಲಿನವರು, ಒಬ್ಬ ಸೀನಿದರೆ ಇಡೀ ಮಹಡಿ ಹಾಸಿಗೆ ಹಿಡಿಯುತ್ತದೆ, ಆದರೆ ಕೆಲವರು ಹಿಡಿಯುವುದಿಲ್ಲ, ಯಾಕೆ ಹಿಡಿಯುವುದಿಲ್ಲ, ಅವರ ಉಸಿರಿನ ದಾರಿಯಲ್ಲಿ ಮೊದಲೇ ಬೀಡುಬಿಟ್ಟಿರುವ ಸೂಕ್ಷ್ಮಜೀವಿಗಳು ಯಾರು — ಪ್ರಶ್ನೆ ಒಳ್ಳೆಯದೇ, ಪ್ರಶ್ನೆಯ ಮೇಲೆ ನನಗೆ ಈಗಲೂ ಸಿಟ್ಟಿಲ್ಲ, ಉತ್ತರ ಹುಡುಕಿದವರನ್ನು ಕಂಡರೆ ವಾಕರಿಕೆ, ಅವರಲ್ಲಿ ನಾನೂ ಒಬ್ಬಳು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಆರೋಗ್ಯವಾಗಿರುವವರು ನೆಲಮಹಡಿಯ ನನ್ನ ಕೋಣೆಗೆ, ನಾನು ಹತ್ತಿ ಸುತ್ತಿದ ಕಡ್ಡಿಯ ತುದಿಯನ್ನು ಬಾಟಲಿಯ ಶುದ್ಧ ನೀರಿನಲ್ಲಿ ಅದ್ದಿ, ಮೂಗಿನೊಳಗೆ ಐದು ಸುತ್ತು ತಿರುಗಿಸಿ, ಟ್ಯೂಬಿಗೆ ಇಳಿಸಿ ನಂಬರು ಅಂಟಿಸುತ್ತಿದ್ದೆ. ಜ್ವರ ಕೆಮ್ಮು ಇದ್ದವರು ಹಿಂದಿನ ಕಟ್ಟಡಕ್ಕೆ, ಅಂಟು ಹರಡಬಾರದಲ್ಲ, ಅಲ್ಲಿ ಒಬ್ಬ ನರ್ಸು, ಎಲ್ಲರೂ ಸಿಡಿಮಿಡಿ ಅನ್ನುತ್ತಾರೆ, ಅವಳು ಪ್ರತಿಯೊಬ್ಬರಿಗೂ ಹೊಸ ನೀರಿನ ಸೀಸೆ ಒಡೆದು, ಅದ್ದಿ, ಉಳಿದದ್ದನ್ನು ಕಣ್ಣೆದುರೇ ಸಿಂಕಿಗೆ ಸುರಿದು ಸೀಸೆ ಎಸೆಯುತ್ತಿದ್ದಳು. ನಾನು? ನಾನು ಜವಾಬ್ದಾರಿಯ ಹೆಂಗಸು. ನನ್ನ ಬಾಟಲಿಯಲ್ಲಿ ಸಂಜೆಗೆ ಎರಡು ಬೆರಳು ನೀರು ಉಳಿಯುತ್ತಿತ್ತು, ಅಷ್ಟು ಶುದ್ಧವಾದ ನೀರನ್ನು ಚೆಲ್ಲುವುದಕ್ಕೆ ಕೈ ಬರುತ್ತಿರಲಿಲ್ಲ, ಹಳೆಯದರ ಮೇಲೆ ಹೊಸದನ್ನು ಸುರಿದು ಬಾಟಲಿ ತುಂಬಿಸಿಡುತ್ತಿದ್ದೆ, ದಿನಾ, ಒಂದು ವರ್ಷ ನಾಲ್ಕು ತಿಂಗಳು. ಸಿಡಿಮಿಡಿ ಒಮ್ಮೆ ನೋಡಿ ನಕ್ಕಿದ್ದಳು, ಇದೇನೇ ಮಾರಾಯ್ತಿ, ನೀರನ್ನೂ ಕೂಡಿಡ್ತೀಯಲ್ಲ, ಮೊಮ್ಮಕ್ಕಳಿಗಾ? ನಾನೂ ನಕ್ಕಿದ್ದೆ. ಅವಳ ಬೇಜವಾಬ್ದಾರಿಯ ಬಗ್ಗೆ ಒಳಗೊಳಗೇ ಮರುಕಪಟ್ಟಿದ್ದೆ ಕೂಡ.

ಮರುಕಪಡಬೇಕಾಗಿದ್ದದ್ದು ಯಾರ ಬಗ್ಗೆ. ಸಂಜೆ ತರಗತಿಯಲ್ಲಿ, ಪುಟ್ಟ ಮಕ್ಕಳ ಶಾಲೆಯ ಬೆಂಚುಗಳಲ್ಲಿ ಮಂಡಿ ಮಡಚಲಾಗದೆ ಅಡ್ಡ ಕೂತು ಡಿಪ್ಲೊಮಾ ಓದಿದೆವಲ್ಲ, ಹಗಲೆಲ್ಲ ದುಡಿದು ಆಕಳಿಸುತ್ತಿದ್ದ ಮೂವತ್ತು ಮಂದಿ, ಆ ಮೇಷ್ಟ್ರು ಸೀಮೆಸುಣ್ಣದಿಂದ ಬೋರ್ಡನ್ನು ಕುಟ್ಟಿ ಹೇಳಿದ್ದರು, ಹಳೇ ನೀರಿನ ಮೇಲೆ ಹೊಸ ನೀರು ಹುಯ್ಯಬೇಡಿ, ಬಾಟಲಿ ತೊಳೀದೆ ತುಂಬಿಸಿದ್ರೆ ನೀವು ತುಂಬಿಸ್ತಿರೋದು ನೀರಲ್ಲ, ಸಂಸಾರ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಾನು ಬರೆದುಕೊಂಡೆ, ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದೆ, ಆ ನೋಟ್‌ಬುಕ್ಕು ಈಗಲೂ ಇದೆ. ಪರೀಕ್ಷೆಯಲ್ಲಿ ಬರೆದೂ ಬಂದೆ. ಓದಿದ್ದು ಪರೀಕ್ಷೆಗೆ, ಮಾಡಿದ್ದು ಅಮ್ಮ ಕಲಿಸಿದ್ದು, ಚೆಲ್ಲಬೇಡ, ಬಳಿದಿಡು, ಮುಚ್ಚಿಡು, ನಾಳೆಗಾಗತ್ತೆ. ದೊಡ್ಡ ದೊಡ್ಡ ಕಾಲೇಜಿನಲ್ಲಿ ಹಗಲು ಓದಿದವರು ಮೇಲಿನ ಮಹಡಿಯಲ್ಲಿ ಕೂತಿದ್ದಾರೆ, ಅವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸವೇ ಇಲ್ಲ, ನಲ್ಲಿ ತಿರುಗಿಸಿದರೆ ಬರುತ್ತದೆ, ಟ್ಯೂಬು ಕೇಳಿದರೆ ಬರುತ್ತದೆ, ಕೆಳಗಿನಿಂದ ಒಬ್ಬ ಹೆಂಗಸು ತರುತ್ತಾಳೆ, ಹೆಸರು ಬೇಕಿಲ್ಲ. ಅವರ ಪಟ್ಟಿಯಲ್ಲಿ ನಾನು ಇತರೆ ಸಿಬ್ಬಂದಿ. ಮೂಗಿನ ಪಟ್ಟಿಯಲ್ಲೂ ಹಾಗೆಯೇ, ಒಂದೊಂದು ಮೂಗಿನಲ್ಲಿ ಸಿಕ್ಕ ಸಣ್ಣಪುಟ್ಟ ಜೀವಿಗಳನ್ನೆಲ್ಲ ಒಟ್ಟುಮಾಡಿ ಕೊನೆಯಲ್ಲಿ ಇತರೆ ಎಂದು ಬೂದು ಬಣ್ಣ ಬಳಿದಿದ್ದಾರೆ, ನಿಜವಾಗಿ ಯಾರಾದರೂ ಆ ಮಕ್ಕಳನ್ನು ಕಾಯುತ್ತಿದ್ದರೆ ಆ ಬೂದು ಬಣ್ಣದೊಳಗೇ ಇರಬೇಕು ಪಾಪ, ಸದ್ದಿಲ್ಲದೆ, ನೋಡುವವರಿಲ್ಲದೆ. ಮೂಗಿನಲ್ಲಿ ಇರುವುದೇ ಕಡಿಮೆ ಜೀವಿಗಳು. ಖಾಲಿ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಹತ್ತು ಮಂದಿ ಇದ್ದಂತೆ ಕೇಳಿಸುತ್ತದೆ, ನನ್ನ ಬಾಟಲಿಯ ಎರಡು ಹನಿ ನೀರು ಆ ಖಾಲಿ ಕೋಣೆಗೆ ಹೋಗಿ ಕೆಮ್ಮಿತು, ದೊಡ್ಡವರು ಮೇಲೆ ಕೂತು ಕೇಳಿಸಿಕೊಂಡರು, ಆಹಾ, ಆರೋಗ್ಯವಂತರ ಮೂಗಿನಲ್ಲೆಲ್ಲ ಇವನಿದ್ದಾನೆ, ರೋಗಿಗಳ ಮೂಗಿನಲ್ಲಿ ಇಲ್ಲವೇ ಇಲ್ಲ! ಇರುತ್ತಾನೆ ಹೇಗೆ ಸ್ವಾಮಿ, ರೋಗಿಗಳು ಸಿಡಿಮಿಡಿಯ ಹತ್ತಿರ ಹೋಗಿದ್ದರು.

ಗೊತ್ತಾದದ್ದೂ ಎಂಥ ಘನಕಾರ್ಯದಿಂದ, ಬೀರು ಒರೆಸುವುದರಿಂದ. ಹಿಂದಿನ ಸಾಲಿನಲ್ಲಿ ಆ ಬಾಟಲಿ ಇನ್ನೂ ಇತ್ತು, ಎಸೆಯದೆ ಇಟ್ಟವಳು ನಾನೇ ತಾನೇ, ಬೆಳಕಿಗೆ ಹಿಡಿದರೆ ಕತ್ತಿನ ಒಳಗೆ ಸುತ್ತಲೂ ಒಂದು ಗುಲಾಬಿ ಗೆರೆ, ಬಚ್ಚಲಿನ ಬಕೆಟ್ಟಿನ ಅಂಚಿನಲ್ಲಿ ಕೂರುತ್ತದಲ್ಲ, ಅಂಥದ್ದೇ ಲೋಳೆ. ಕಡ್ಡಿಯಲ್ಲಿ ಉಜ್ಜಿ ತಟ್ಟೆಗೆ ಹಚ್ಚಿ ಒಂದು ವಾರ ಬೆಳೆಸಿದೆ, ಗುರುವಾರ ತೆರೆದರೆ ಸಾಸಿವೆಯಷ್ಟು ಸಾಸಿವೆಯಷ್ಟು ಗುಲಾಬಿ ಚುಕ್ಕೆ, ಮೇಲಿನ ಮಹಡಿಯಲ್ಲಿ ಗಾಜಿನ ಬಾಗಿಲ ಹಿಂದೆ ಸಾಕುತ್ತಿರುವ ಕಾವಲುಗಾರನ ಅಣ್ಣತಮ್ಮಂದಿರು. ನನಗೆ ನನ್ನ ಕಣ್ಣಿನ ಮೇಲೆ ಎಂದೂ ನಂಬಿಕೆಯಿಲ್ಲ, ಲೆಕ್ಕಾಚಾರ ಮಾಡುವವನ ಹತ್ತಿರ ಒಯ್ದೆ, ದೊಡ್ಡವರ ಬಲಗೈ, ಕಿವಿಗೆ ಯಾವಾಗಲೂ ಹಾಡು ಕೇಳುವ ಎರಡು ಬಿಳಿ ಬಿರಡೆ ಸಿಕ್ಕಿಸಿಕೊಂಡಿರುವವನು, ಅವನು ಯಂತ್ರಕ್ಕೆ ಕೊಟ್ಟು ತಾಳೆ ನೋಡಿದ, ನಿನ್ನೆ ಮಧ್ಯಾಹ್ನ ಕರೆದು ಒಂದು ಬಿರಡೆ ಮಾತ್ರ ತೆಗೆದ. ಅದೇ ಮೇಡಂ, ಡೌಟೇ ಇಲ್ಲ. ಅವನು ತಣ್ಣಗೆ ಹೇಳಿದ, ನಿಮಗೆ ಹೇಳ್ಬಾರ್ದು, ಆದ್ರೂ ಹೇಳ್ತೀನಿ, ಖಾಲಿ ಟ್ಯೂಬಲ್ಲೂ ಇದು ಆವತ್ತೇ ಬಂದಿತ್ತು. ಖಾಲಿ ಟ್ಯೂಬು ಅಂದರೆ ಯಾರ ಮೂಗಿಗೂ ಹೋಗದೆ ಬರೀ ನೀರಿನಲ್ಲಿ ಅದ್ದಿದ ಕಡ್ಡಿ, ತಪ್ಪು ಹಿಡಿಯುವುದಕ್ಕೆಂದೇ ನಾನು ವಾರಕ್ಕೊಂದು ಇಡುತ್ತಿದ್ದೆ, ಶ್ರದ್ಧೆಯಿಂದ, ನನ್ನ ಕಳ್ಳತನಕ್ಕೆ ನಾನೇ ಸಾಕ್ಷಿ ಕಟ್ಟಿಡುವ ಶ್ರದ್ಧೆಯಿಂದ. ಬಂದಿತ್ತಾ, ಬಂದಿದ್ದರೆ ಯಾಕೆ ಹೇಳಲಿಲ್ಲ? ಸರ್‌ಗೆ ಹೇಳಿದ್ದೆ, ಪಕ್ಕದ ಟ್ಯೂಬಿಂದ ಸಿಡಿದಿರಬೇಕು, ಅದನ್ನ ತೆಗೆದುಹಾಕು ಅಂದ್ರು, ತೆಗೆದೆ. ತೆಗೆದೆಯಾ? ತೆಗಿ ಅಂದ್ರೆ ತೆಗೀಬೇಕು ಮೇಡಂ, ನಂಗೆ ಬೇರೆ ಅಪ್ಪ ಇಲ್ಲ ಇಲ್ಲಿ. ನಾಳೆ ಮಕ್ಕಳ ಮೂಗಿಗೆ ಹಾಕ್ತಾರಲ್ಲಪ್ಪ. ಏನಾಗತ್ತೆ ಬಿಡಿ, ನೀರಲ್ಲಿರೋದು ತಾನೇ, ಎಲ್ಲರೂ ದಿನಾ ಸ್ನಾನ ಮಾಡಲ್ವಾ. ಬಿರಡೆ ಮತ್ತೆ ಕಿವಿಗೆ ಹೋಯಿತು. ಇಪ್ಪತ್ತೆಂಟನೆಯ ವಯಸ್ಸಿಗೆ ಎರಡು ಡಿಗ್ರಿ, ಬೆನ್ನುಮೂಳೆ ಮಾತ್ರ ಎಲ್ಲೂ ಕೊಟ್ಟಿಲ್ಲ. ಹೂಂ, ನೀನು ಹೇಳು, ನಿನ್ನ ಬೆನ್ನುಮೂಳೆ ಯಾವ ಬೀರುವಿನಲ್ಲಿದೆ, ಅದಕ್ಕೂ ಗುಲಾಬಿ ಗೆರೆ ಹಿಡಿದಿದೆಯೇನೋ ನೋಡು.

ಅಂಕಿ ಎರಡಾಯಿತು, ಇಳಿಯುತ್ತಿದೆ, ಮತ್ತೆ ಎರಡರಲ್ಲಿ ನಿಂತಿತು. ಮೊದಲ ಕುರ್ಚಿಯವಳನ್ನು ಇದಕ್ಕೆ ಸೇರಿಸಿದ್ದು ನಾನೇ. ಮೊದಲ ತಿಂಗಳು ಇನ್ನೂರು ಮಂದಿ ಸಿಗದೆ ದೊಡ್ಡವರು ಕಾರಿಡಾರಿನಲ್ಲಿ ಕಿರುಚಾಡುತ್ತಿದ್ದರು, ಒಂದು ಮೂಗು ತರೋಕೂ ಆಗಲ್ವೇನ್ರಿ ನಿಮಗೆ, ಎಲ್ಲರ ಮುಖದಲ್ಲೂ ಒಂದೊಂದಿದೆಯಲ್ಲ! ನಾನು ಹೆದರಿ ಅಕ್ಕನ ಮಗಳ ಮೂಗು ತಂದೆ. ಸಿಬ್ಬಂದಿಯ ಸಂಬಂಧಿಕರು ಸೇರುವಂತಿಲ್ಲ ಎಂಬ ನಿಯಮವಿತ್ತು, ಅರ್ಜಿಯಲ್ಲಿ ಸಂಬಂಧವಿಲ್ಲ ಎಂಬ ಚೌಕಕ್ಕೆ ನನ್ನ ಕೈಯಾರೆ ಗುರುತು ಹಾಕಿದೆ, ಸಂಬಂಧವಿಲ್ಲ, ಹುಟ್ಟಿದ ದಿನ ಬಟ್ಟೆ ಸುತ್ತಿ ಎತ್ತಿಕೊಂಡವಳು ನಾನು. ಉದ್ದ ಕತ್ತು, ಉದ್ದ ಕಾಲು, ಮನೆಯಲ್ಲಿ ಎಲ್ಲರಿಗೂ ಅವಳು ಕೊಕ್ಕರೆ. ಇಲ್ಲಿ ನಲವತ್ತೊಂದು. ಬೇಕೆಂದೇ ಎಲ್ಲರೆದುರು ಮೇಡಮ್ಮೋರೇ ಅಂತ ಎಳೆದು ಕರೆದು ಕಣ್ಣು ಮಿಟುಕಿಸುತ್ತಾಳೆ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ, ಚಿಕ್ಕಮ್ಮ, ನನ್ನ ಮೂಗಿನ ಬಾಡಿಗೆದಾರರು ಹೇಗಿದಾರೆ, ಗಲಾಟೆ ಗಿಲಾಟೆ ಮಾಡ್ತಿದಾರಾ, ಖಾಲಿ ಮಾಡ್ಸಬೇಕಾ? ಆರು ಸಲ ನನ್ನ ಕೋಣೆಗೆ ಬಂದಳು, ಆರು ಸಲವೂ ಕಾವಲುಗಾರ ಇದ್ದ. ಏಳನೆಯ ಸಲಕ್ಕೆ ಜ್ವರ, ಹಾಸ್ಟೆಲಿನಲ್ಲಿ ಎಲ್ಲರಿಗೂ ಬಂದ ಅದೇ ವೈರಸ್ಸು, ಹಿಂದಿನ ಕಟ್ಟಡಕ್ಕೆ ಕಳಿಸಿದರು, ಸಿಡಿಮಿಡಿ ಹೊಸ ಸೀಸೆ ಒಡೆದಳು, ಕಾವಲುಗಾರ ಮಾಯ. ವಾಸಿಯಾಗಿ ಎಂಟನೆಯ ಸಲ ನನ್ನ ಹತ್ತಿರ ಬಂದಳು, ಕಾವಲುಗಾರ ಮತ್ತೆ ಹಾಜರ್. ಆ ಎಂಟು ಸಲದ ಲೆಕ್ಕವನ್ನು ಗೆರೆಯಾಗಿ ಎಳೆಸಿ ದೊಡ್ಡವರು ಪರದೆಯ ಮೇಲೆ ಎಷ್ಟು ಊರಿನಲ್ಲಿ ತೋರಿಸಿದರೋ, ಮೇಲಿದ್ದದ್ದು ಧೊಪ್ಪನೆ ಬಿದ್ದು ಮತ್ತೆ ಏಳುವ ಗೆರೆ, ನಲವತ್ತೊಂದನೇ ಮೂಗು ನೋಡ್ರಿ, ಕಾವಲುಗಾರ ಮಲಗಿದ, ಕಳ್ಳ ಒಳಗೆ ಬಂದ! ಚಪ್ಪಾಳೆ. ಅದು ಯಾರೂ ಮಲಗಿದ್ದಲ್ಲ, ಬಾಟಲಿ ಬದಲಾದದ್ದು. ಒಂದು ಹುಡುಗಿ ಅಂಗಳ ದಾಟಿ ಹಿಂದಿನ ಕಟ್ಟಡಕ್ಕೆ ನಡೆದುಹೋಗಿ ವಾಪಸ್ ಬಂದದ್ದರ ಚಿತ್ರ ಅದು, ಅಷ್ಟೇ.

ಆದರೆ ಜ್ವರ ಮಾತ್ರ ನಿಜ. ಇವರ ಗೆರೆ ಸುಳ್ಳು, ಕಾವಲುಗಾರ ಸುಳ್ಳು, ಚಪ್ಪಾಳೆಯೂ ಸುಳ್ಳು, ಜ್ವರ ನಿಜ. ಎಲ್ಲರಿಗೂ ನಾಲ್ಕು ದಿನಕ್ಕೆ ಬಿಟ್ಟದ್ದು ಅವಳ ಎದೆಗೆ ಇಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತಿದ್ದೆ, ಕಿಟಕಿಯ ಬಿಸಿಲು ಅವಳ ಕತ್ತಿನ ಮೇಲೆ ಬಿದ್ದಿತ್ತು, ಎರಡು ಮೂಳೆಗಳ ನಡುವೆ ಕತ್ತಿನ ಬುಡದಲ್ಲಿ ಒಂದು ಗುಳಿ ಇರುತ್ತದಲ್ಲ, ಬೆರಳ ತುದಿ ಕೂರುವಷ್ಟು, ಉಸಿರೆಳೆದಾಗಲೆಲ್ಲ ಅದು ಒಳಕ್ಕೆ ಹೋಗುತ್ತಿತ್ತು, ಯಾರೋ ಒಳಗಿನಿಂದ ದಾರ ಕಟ್ಟಿ ಎಳೆದ ಹಾಗೆ, ಮತ್ತೆ ಬಿಡುತ್ತಿದ್ದರು, ಮತ್ತೆ ಎಳೆಯುತ್ತಿದ್ದರು, ಒಳಕ್ಕೆ, ಹೊರಕ್ಕೆ. ನಾನು ಎಣಿಸಿದೆ. ಎಣಿಸುವುದೊಂದೇ ನನಗೆ ಬರುವ ವಿದ್ಯೆ. ಅಕ್ಕ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತು, ನೀನಿದೀಯಲ್ಲ ಅಲ್ಲಿ ಅಂತ ತಾನೇ ನಾನು ಇವಳನ್ನ ಈ ಊರಿಗೆ ಕಳಿಸಿದ್ದು, ಅಂದಳು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬದುಕಿದಳು. ಈಗಲೂ ಎರಡು ಮಹಡಿ ಹತ್ತಿದರೆ ಕಂಬಿ ಹಿಡಿದು ನಿಲ್ಲುತ್ತಾಳೆ, ಏನೋ ನೋಡುವ ನೆಪ ಮಾಡುತ್ತಾಳೆ, ಆಗ ಆ ಗುಳಿ ಸ್ವಲ್ಪ, ಸ್ವಲ್ಪವೇ, ಒಳಗೆ ಹೋಗುತ್ತದೆ. ಸ್ಪ್ರೇ ಅರ್ಜಿಯಲ್ಲಿ ಆ ಪ್ರಶ್ನೆಯಿತ್ತು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ್ದುಂಟೇ. ಉಂಟು ಎಂದರೆ ಅವಳು ಹೊರಗೆ. ದೊಡ್ಡವರೇ ಹೇಳಿಕೊಟ್ಟರಂತೆ, ಅದು ಬರೀ ವೈರಲ್ ಫೀವರ್ ಅಲ್ವೇನಮ್ಮ, ಇಲ್ಲ ಅಂತ ಹಾಕು, ನೀನಿಲ್ದೇ ಇದು ಹೇಗಾಗತ್ತೆ, ನೀನು ನಮ್ಮ ಹೀರೋಯಿನ್ನು! ಫೋಟೋ ತೆಗೆಯುವವನನ್ನು ಕರೆಸಿದ್ದಾರೆ. ಮೂಗಿಗಿಂತ ಮೂಗುತಿ ಭಾರ. ಸಂಜೆ ತರಗತಿಯ ಮೇಷ್ಟ್ರು ಹೇಳುತ್ತಿದ್ದರು, ನೀರಿನಲ್ಲಿ ಸಾಧುವಾಗಿರುವವನು ಸೋತ ಎದೆಗೂಡಿನಲ್ಲಿ ಹೇಗಿರುತ್ತಾನೆ ಅಂತ ಅವನಿಗೇ ಗೊತ್ತಿರಲ್ಲ.

ನಿನ್ನೆ ಸಂಜೆ ಫೋನು ಮಾಡಿದೆನಲ್ಲ, ಮಾಡಿದೆ, ಅದೂ ಎಂಥ ಮಾತು. ನಾಳೆ ಹೋಗ್ಬೇಡ ಕಣೇ. ಯಾಕೆ ಚಿಕ್ಕಮ್ಮ? ಬೇಡ ಅಂದ್ನಲ್ಲ, ನಂಗ್ಯಾಕೋ ಸರಿ ಕಾಣ್ತಿಲ್ಲ. ಅವಳು ನಕ್ಕಳು, ನಗುವಿನ ಕೊನೆಗೆ ಒಂದು ಸಣ್ಣ ಕೆಮ್ಮು. ನಿಂಗೆ ಯಾವುದು ಸರಿ ಕಾಣತ್ತೆ ಹೇಳು, ಗ್ಯಾಸ್ ಆರಿಸಿದ್ನಾ ಅಂತ ಬಸ್‌ಸ್ಟಾಪಿಂದ ಮೂರು ಸಲ ವಾಪಸ್ ಬರೋಳು ನೀನು, ಕಾರಣ ಹೇಳು, ಕಾರಣ ಹೇಳಿದ್ರೆ ಹೋಗಲ್ಲ. ಕಾರಣ ನಾಲಗೆಯ ತುದಿಯಲ್ಲೇ ಇತ್ತು. ನನ್ನ ಬಾಟಲಿ ಕಣೇ, ನಾನು ತೊಳೆಯದ ಬಾಟಲಿ. ಅದರ ಬದಲು ನಾನು ಹೇಳಿದ್ದು, ಊಟ ಮಾಡಿದ್ಯಾ. ಇಂಥ ಚಿಕ್ಕಮ್ಮ ಶತ್ರುವಿಗೂ ಬೇಡ. ದೊಡ್ಡವರ ಹೆದರಿಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಕೆಲಸ ಹೋಗುತ್ತದೆ, ಸುಳ್ಳು ಅರ್ಜಿ ಹೊರಗೆ ಬರುತ್ತದೆ, ಇನ್ನೆಲ್ಲೂ ಯಾರೂ ತೆಗೆದುಕೊಳ್ಳುವುದಿಲ್ಲ, ಅದೆಲ್ಲ ಇದೆ, ಇಲ್ಲ ಅನ್ನುವುದಿಲ್ಲ, ಆದರೆ ಅದಲ್ಲ, ಆ ಹುಡುಗಿಯ ಎದುರು ಕೊಳಕು ಹೆಂಗಸಾಗಿ ನಿಲ್ಲುವುದಕ್ಕೆ ನಾಚಿಕೆ. ಒಂದು ಬಾಟಲಿ ತೊಳೆಯಲಿಲ್ಲವೇ ಚಿಕ್ಕಮ್ಮ, ಅಷ್ಟೇನಾ, ಅಂತ ಅವಳು ಕೇಳುತ್ತಾಳೆ, ಇಷ್ಟು ವರ್ಷದ ನನ್ನ ಶಿಸ್ತು, ನನ್ನ ಮೂರು ಸಲದ ಗ್ಯಾಸು, ಕೆಂಪು ಪೆನ್ನಿನ ಗೆರೆ, ಎಲ್ಲ ಆ ಅಷ್ಟೇನಾದಲ್ಲಿ ಕೊಚ್ಚಿಹೋಗುತ್ತದೆ. ಒಬ್ಬಳ ಮರ್ಯಾದೆ ಒಂದು ಕಡೆ, ಇನ್ನೊಬ್ಬಳ ಉಸಿರು ಇನ್ನೊಂದು ಕಡೆ, ತಕ್ಕಡಿ ಹಿಡಿದು ಐದು ದಿನದಿಂದ ನಿಂತಿದ್ದೇನೆ, ಥೂ.

ಟಣ್ ಎಂದಿತು. ಬಾಗಿಲು ತೆರೆಯಿತು, ಒಳಗಿದ್ದ ಇಬ್ಬರು ಬಿಳಿ ಕೋಟುಗಳು ನನ್ನನ್ನು ನೋಡದೆ ಟ್ರಾಲಿಯನ್ನು ಮಾತ್ರ ನೋಡಿದರು, ಓ, ಇವೇನಾ, ಎಷ್ಟು ಕ್ಯೂಟಾಗಿವೆ. ಸರಿದು ಹೋದರು. ಟ್ರಾಲಿ ಒಳಗೆ ತಳ್ಳಿ ನಾಲ್ಕು ಒತ್ತಿದೆ. ಹೇಳಬೇಕಾದ ವಾಕ್ಯವನ್ನು ಕಟ್ಟಿಟ್ಟುಕೊಂಡಿದ್ದೇನೆ, ಮಾನ್ಯರೇ, ಮಾದರಿ ಸಂಗ್ರಹಣೆಯ ಹಂತದಲ್ಲಿ ನನ್ನಿಂದ ಸಂಭವಿಸಿದ ಲೋಪವೊಂದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ — ಯಾರು ಹೀಗೆ ಮಾತಾಡುತ್ತಾರೆ, ಸತ್ತವರ ಮನೆಗೆ ಬರೆದ ಕಾಗದದ ಹಾಗಿದೆ. ಒಂದು, ಎರಡು, ಮೂರು. ಬಾಟಲಿಗಳನ್ನು ಬೀಳಿಸಿಬಿಡಲೇ, ಕೈ ಜಾರಿತು ಅಂತ? ಅವರ ಹತ್ತಿರ ಇನ್ನೂ ಇನ್ನೂರು ಇವೆ, ನನಗೆ ಬೈದು ಬೇರೆ ತರಿಸುತ್ತಾರೆ, ನನ್ನ ಕೈಯಿಂದಲೇ ನೆಲವನ್ನೂ ಒರೆಸಿಸುತ್ತಾರೆ. ನಾಲ್ಕು. ಕಾರಿಡಾರಿಗೆ ಹೊಸ ಬಣ್ಣದ ವಾಸನೆ, ಅರ್ಧ ತೆರೆದ ಬಾಗಿಲಿನಿಂದ ದೊಡ್ಡವರ ದನಿ, ಇವತ್ತು ನೀವು ಇಪ್ಪತ್ತು ಜನ ಇತಿಹಾಸ ಆಗ್ತಿದೀರಿ, ನಿಮ್ಮ ಮೂಗು ಇತಿಹಾಸದ ಮೂಗು! ಎಳೆಯ ನಗು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಸರ್, ಹಾಗಾದ್ರೆ ಅಟೆಂಡೆನ್ಸ್ ಸಿಗತ್ತಾ? ಮತ್ತೆ ನಗು. ನಗಲಿ, ಪಾಪ, ಈ ವಯಸ್ಸಿನಲ್ಲಿ ದೇಹ ತಮ್ಮದು ಅಂತಲೇ ಗೊತ್ತಿರುವುದಿಲ್ಲ, ಕೇಳಿದವರಿಗೆ ಕೊಟ್ಟುಬಿಡುತ್ತಾರೆ, ಮೂಗು ಬೇಕಾ, ತಗೊಳ್ಳಿ.

ಟ್ರಾಲಿ ಹೊಸ್ತಿಲಿಗೆ ಬಡಿದು ಒಳಗೆ ಬಂತು. ಇಪ್ಪತ್ತು ಕುರ್ಚಿ, ಇಪ್ಪತ್ತು ಮುಖ, ಮೂಲೆಯಲ್ಲಿ ಬಿರಡೆಯವನು ಗೋಡೆಗೆ ಒರಗಿ ಮೊಬೈಲು ನೋಡುತ್ತಿದ್ದಾನೆ, ನನ್ನನ್ನು ಕಂಡು ಇನ್ನಷ್ಟು ಆಳವಾಗಿ ನೋಡತೊಡಗಿದ. ಕಿಟಕಿಯ ಪಕ್ಕ ಮೊದಲ ಕುರ್ಚಿಯಲ್ಲಿ ನನ್ನ ಕೊಕ್ಕರೆ, ಕೂದಲು ಎತ್ತಿ ಕಟ್ಟಿದ್ದಾಳೆ ಫೋಟೋಗೆಂದು, ಬನ್ನಿ ಮೇಡಮ್ಮೋರೇ, ನಿಮ್ಮನ್ನೇ ಕಾಯ್ತಿದ್ವಿ, ಕಣ್ಣು ಮಿಟುಕಿಸಿದಳು, ಮೆಟ್ಟಿಲು ಹತ್ತಿ ಬಂದಿರಬೇಕು ಪೆದ್ದಿ, ಮಾತಿನ ನಡುವೆ ಉಸಿರು ಕತ್ತರಿಸುತ್ತಿದೆ. ಈಗ, ಈಗ ಹೇಳು. ಮಾನ್ಯರೇ ಮಾದರಿ ಸಂಗ್ರಹಣೆಯ. ಸರ್, ಒಂದು ನಿಮಿಷ, ಒಂದು ವಿಷಯ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು, ಆಮೇಲೆ ಆಮೇಲೆ, ಇಡ್ರಿ ಅಲ್ಲಿ, ಸ್ವಲ್ಪ ಆ ಕಡೆ ಸರೀರಿ, ನೀವು ಫೋಟೋದಲ್ಲಿ ಬರ್ತಿದೀರಿ. ಸರಿದೆ. ಸರಿದೆ ನೋಡು! ಸಾಯುವ ಹೊತ್ತಿನಲ್ಲೂ ಸರಿಯಿರಿ ಎಂದರೆ ಸರಿದು ಜಾಗ ಕೊಡುವ ಜಾತಿ. ಅವರು ತಾವೇ ಒಂದು ಬಾಟಲಿ ಎತ್ತಿ ಮುಚ್ಚಳ ತೆಗೆದರು, ಗಾಳಿಗೆ ಎರಡು ಸಲ ಒತ್ತಿದರು, ಬಿಸಿಲಿನಲ್ಲಿ ಗುಲಾಬಿ ಮಂಜು ಒಂದು ಕ್ಷಣ ನಿಂತು ಕರಗಿತು, ಯಾರೋ ವಾವ್ ಎಂದರು. ತಲೆ ಹಿಂದಕ್ಕೆ ಹಾಕಮ್ಮ, ಇನ್ನೂ, ಇನ್ನೂ ಸ್ವಲ್ಪ, ಹಾಂ, ನಗ್ತಾ ಇರು. ಆ ಉದ್ದ ಕತ್ತು ಬಿಲ್ಲಿನ ಹಾಗೆ ಬಾಗಿ ಬೆಳಕಿಗೆ ಬಂತು, ಬುಡದಲ್ಲಿ ಆ ಗುಳಿ, ಒಳಕ್ಕೆ, ಹೊರಕ್ಕೆ, ಒಳಕ್ಕೆ, ನಾನು ಎಣಿಸುತ್ತಿದ್ದೇನೆ, ನಾಲ್ಕು, ಐದು, ಎಣಿಸುವುದನ್ನು ಬಿಟ್ಟು ಬೇರೇನಾದರೂ ಮಾಡೇ ಮುಂಡೇದೇ — ಕೊಕ್ಕರೆ, ಏಳೇ!

ಯಾರು ಕಿರುಚಿದ್ದು, ನಾನಾ. ಅದು ನನ್ನ ಬಾಟಲಿ ನೀರು ಕಣೇ, ನಾನು ತೊಳೀದೇ ತುಂಬಿಸಿದ್ದ ಬಾಟಲಿ, ನಿಮ್ಮ ಯಾರ ಮೂಗಲ್ಲೂ ಇದು ಇರ್ಲಿಲ್ಲ, ನಾನೇ ಹಾಕಿದ್ದು, ಕಡ್ಡಿಯಲ್ಲಿ ಅದ್ದಿ ಅದ್ದಿ ನಾನೇ ಹಾಕಿದ್ದು, ಹಾಕಿಸ್ಕೋಬೇಡ್ರೋ ಮಕ್ಕಳಾ. ಹಿಂದಿನ ಸಾಲಿನಲ್ಲಿ ಒಂದು ಪಿಸುನಗು, ಕೊಕ್ಕರೆ ಅಂತೆ. ದೊಡ್ಡವರು ಕೈ ಕೆಳಗಿಳಿಸಲಿಲ್ಲ, ನಗುವನ್ನೂ ಇಳಿಸಲಿಲ್ಲ, ಫೋಟೋದವನು ಇನ್ನೂ ಕ್ಯಾಮೆರಾ ಹಿಡಿದೇ ಇದ್ದಾನೆ, ಏನ್ರಿ ಇದು, ಮೈ ಹುಷಾರಿಲ್ವಾ ನಿಮಗೆ, ಯಾರಾದ್ರೂ ಇವರನ್ನ ಕೆಳಗೆ ಕರ್ಕೊಂಡು ಹೋಗಿ ಒಂದು ಟೀ ಕೊಡಿಸ್ರಪ್ಪ. ಬಿರಡೆಯವನ ಕಡೆ ತಿರುಗಿದೆ, ನೀನು ಹೇಳಪ್ಪ, ಖಾಲಿ ಟ್ಯೂಬಿನ ವಿಷಯ ಹೇಳು, ಅವನು ನನ್ನನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಗೊತ್ತಿತ್ತು. ನೋಡಮ್ಮ, ನೀನು ತಲೆ ಕೆಡಿಸ್ಕೋಬೇಡ, ದೊಡ್ಡವರ ದನಿ ಜೇನು, ಬಾಟಲಿಯ ಮೂತಿ ಅವಳ ಮೂಗಿನಿಂದ ನಾಲ್ಕು ಬೆರಳು ದೂರ, ಇವರು ನಿಂಗೆ ಗೊತ್ತಾ? ನನ್ನ ಮಾತು ಮುಗಿಯಿತು, ನನ್ನ ಹತ್ತಿರ ಇದ್ದದ್ದು ಅಷ್ಟೇ, ಇನ್ನು ಅವಳದು. ಅವಳು ತಲೆ ಎತ್ತಲಿಲ್ಲ. ಹಿಂದಕ್ಕೆ ಬಾಗಿದ ಹಾಗೆಯೇ ಕಣ್ಣನ್ನು ಮಾತ್ರ ಹೊರಳಿಸಿ ನನ್ನನ್ನು ನೋಡಿದಳು, ಆ ಕಣ್ಣಿನಲ್ಲಿ ಅಷ್ಟೇನಾ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ, ಅಥವಾ ನನಗೆ ಓದಲು ಬರಲಿಲ್ಲ. ನನ್ನ ಚಿಕ್ಕಮ್ಮ, ಅಂದಳು, ಅಷ್ಟೇ ಅಂದಳು, ಇಡೀ ಕೋಣೆಗೆ ಕೇಳುವ ಹಾಗೆ, ಮತ್ತೆ ಒಂದು ಕೈ ನಿಧಾನವಾಗಿ ಮೇಲೆ ಬಂತು, ಅಂಗೈ ಮೂಗನ್ನೂ ಬಾಯನ್ನೂ ಪೂರ್ತಿ ಮುಚ್ಚಿತು, ಬಾಟಲಿಯ ಮೂತಿ ಅವಳ ಬೆರಳ ಗೆಣ್ಣಿಗೆ ತಗುಲಿ ನಿಂತಿತು, ಅಂಗೈಯ ಕೆಳಗೆ ಕತ್ತು, ಬಿಸಿಲು, ಗುಳಿ, ಒಳಕ್ಕೆ, ಹೊರಕ್ಕೆ, ಒಳಕ್ಕೆ, ಹೊರಕ್ಕೆ, ಒಳಕ್ಕೆ